ಪ್ಯಾನ್ ವಾಲ್ವ್ ತೆರದೈತಿ, ಸ್ಕ್ರೀನ್ ಒಪ್ಪವಲ್ದು: ಲಿಮಿಟ್ ಸ್ವಿಚ್ ಬಾಕ್ಸ್ ಎಲ್ಲಾ ಬದಲಿ ಮಾಡಬೇಕೇನ್ರಿ?

ಪ್ಯಾನ್‌ಮಹಡಿ

ನಮಸ್ಕಾರ್ರಿ ಎಲ್ಲಾರಿಗೂ. ಮುಧೋಳ ಕಡೆ ಒಂದು ಸಕ್ಕರಿ ಕಾರ್ಖಾನ್ಯಾಗ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್ ಅದೀನಿ. ಪ್ಯಾನ್ ಮಹಡಿ ನಂದು, ಅಂದ್ರ ಸಿರಪ್ ಕುದಿಸಿ ಸಕ್ಕರಿ ಹರಳು ಮಾಡೋ ದೊಡ್ಡ ಪಾತ್ರಿ (ಪ್ಯಾನ್) ಇರೋ ಮಹಡಿ. ಸಿರಪ್, ಮೊಲಾಸಿಸ್, ಬಿಸಿನೀರು, ವ್ಯಾಕ್ಯೂಮ್, ಸ್ಟೀಮ್, ಎಲ್ಲಾ ಲೈನಿಗೂ ಗಾಳಿ ಮ್ಯಾಲ ನಡಿಯೋ ಆಕ್ಚುಯೇಟರ್ (ವಾಲ್ವ್ ತಿರುಗಿಸೋ ಯಂತ್ರ) ಕುಂತಾವು. ಹೆಚ್ಚಿನವು ಬಟರ್‌ಫ್ಲೈ ವಾಲ್ವ್ (ಪೈಪಿನ ಒಳಗ ತಿರುಗೋ ಡಿಸ್ಕ್ ಇರೋದು). ಪ್ರತಿ ಆಕ್ಚುಯೇಟರ್ ತಲಿ ಮ್ಯಾಲ ಒಂದು ಲಿಮಿಟ್ ಸ್ವಿಚ್ ಬಾಕ್ಸ್, ಒಳಗ ಎರಡು ಮೈಕ್ರೋಸ್ವಿಚ್. ಶಾಫ್ಟ್ ಮ್ಯಾಲಿನ ಕ್ಯಾಮ್ ಒಂದನ್ನ ವಾಲ್ವ್ ತೆರದಾಗ ಒತ್ತತೈತಿ, ಒಂದನ್ನ ಮುಚ್ಚಿದಾಗ. 24 ವೋಲ್ಟ್ ಡಿಸಿ, ಸೀದಾ ಪಿಎಲ್‌ಸಿ (ಪ್ಲಾಂಟ್ ನಡಸೋ ಕಂಪ್ಯೂಟರ್) ಇನ್‌ಪುಟ್ಟಿಗೆ.

ತೊಂದರಿ ಏನಂದ್ರ, ಪ್ಯಾನ್ ಇಳಿಸಿ, ಸ್ಟೀಮ್ ಕೊಟ್ಟು ತೊಳದ ಮ್ಯಾಲ ಮುಂದಿನ ಸ್ಟ್ರೈಕಿಗೆ (ಮುಂದಿನ ಸಲದ ಕುದಿತಕ್ಕ) ಸಿರಪ್ ವಾಲ್ವ್ ತೆರಿ ಅಂತ ಕಮಾಂಡ್ ಕೊಡ್ತೀವಿ. ವಾಲ್ವ್ ತೆರೀತೈತಿ. ಬಾಕ್ಸ್ ಮ್ಯಾಲಿನ ಡೋಮ್ (ಸ್ಥಿತಿ ತೋರಸೋ ಮುಚ್ಚಳ) ಹಳದಿ, ಅಂದ್ರ ತೆರದೈತಿ, ಅಂತ ತೋರಸ್ತೈತಿ. ಸ್ಕ್ರೀನ್ ಮಾತ್ರ ‘ತೆರೆದಿಲ್ಲ’ ಅಂತೈತಿ. ಸೀಕ್ವೆನ್ಸ್ ಅಲ್ಲೇ ನಿಂದರ್ತೈತಿ. ಪ್ಯಾನ್‌ಮನ್ ಕಾಕಾ ಸ್ಪ್ಯಾನರ್ ತಗೊಂಡು ಬಾಕ್ಸಿಗೆ ಎರಡು ಬಾರಿಸಿದ್ರ ಸಿಗ್ನಲ್ ಬರ್ತೈತಿ! ಕೆಲವೊಮ್ಮೆ ಉಲ್ಟಾ: ಎರಡೂ ಸಿಗ್ನಲ್ ಒಮ್ಮೆಲೇ ಬಂದು ಕುಂದರ್ತಾವು, ವಾಲ್ವ್ ತೆರದೂ ಐತಿ ಮುಚ್ಚಿಯೂ ಐತಿ ಅಂತ.

ಸಪ್ಲೈಯರ್ ಬಂದು ‘ಮೆಕ್ಯಾನಿಕಲ್ ಸ್ವಿಚ್ ಕಾಲ ಮುಗೀತು, ಎಲ್ಲಾ ಪ್ರಾಕ್ಸಿಮಿಟಿ (ಮುಟ್ಟದೇ ಲೋಹ ಗುರುತಿಸೋ ಸೆನ್ಸರ್) ಹಾಕ್ರಿ’ ಅಂದು ಕೊಟೇಶನ್ ಕೊಟ್ಟು ಹೋಗ್ಯಾನ. ದೊಡ್ಡ ಮೊತ್ತ ಐತ್ರಿ. ಸೀಜನ್ ಮುಗಿದ ಮ್ಯಾಲ ಓವರ್‌ಹಾಲಿಂಗ್ ಪಟ್ಟಿಯೊಳಗ ಸೇರಸೋದೋ ಬ್ಯಾಡೋ ಅಂತ ನಮ್ಮ ಸಾಹೇಬ್ರು ನನ್ನ ಕೇಳ್ಯಾರ. ಅಲ್ಲಿ ತನಕ ಆಪರೇಟರ್ ಮಂದಿ ‘ಫೋರ್ಸ್ ಹಾಕಿ ಬಿಡ್ರಿ’, ಅಂದ್ರ ಸಿಗ್ನಲ್ ಬಂದೈತಿ ಅಂತ ಪಿಎಲ್‌ಸಿಯೊಳಗ ಕೈಯಿಂದ ಹಾಕ್ರಿ, ಅಂತ ದಿನಾ ಬೆನ್ನು ಹತ್ಯಾರ. ಅನುಭವ ಇದ್ದವ್ರು ಹೇಳ್ರಿ.

ಹಳೇಗಾಣ

ತಮ್ಮಾ, ಮೊದಲ ಕೊಟೇಶನ್ ಮಡಚಿ ಡ್ರಾವರ್‌ನ್ಯಾಗ ಇಡು. ಕಾಟ ಕೊಡೋ ಬಾಕ್ಸ್ ಒಂದೆರಡು, ಕಾಟ ಇಲ್ಲದ್ದು ಒಂದು ಬಿಚ್ಚು. ಒಳಗ ಏನ್ ಕಂಡ್ತು ಅಂತ ಬರಿ. ಟರ್ಮಿನಲ್ ಬಣ್ಣ ಏನೈತಿ, ತಳದಾಗ ನೀರ ಐತೇನು, ಕೇಬಲ್ ಗ್ಲ್ಯಾಂಡಿಗೆ (ಕೇಬಲ್ ಒಳಗ ಹೋಗೋ ಬಿಗಿ ಬಾಯಿ) ಮ್ಯಾಲಿಂದ ಬರ್ತೈತೋ ಕೆಳಗಿಂದೋ, ಉಪಯೋಗ ಇಲ್ಲದ ಎರಡನೇ ಕೇಬಲ್ ತೂತಿಗೆ ಏನ್ ಹಾಕೀರಿ. ಬಾಕ್ಸ್ ತಟ್ಟಿದ್ರ ಸಿಗ್ನಲ್ ಬರ್ತೈತಿ ಅಂದ್ರ ಸ್ವಿಚ್ ಸತ್ತಿಲ್ಲ. ಸತ್ತ ಸ್ವಿಚ್ ತಟ್ಟಿದ್ರೂ ಏಳಂಗಿಲ್ಲ.

ಸ್ಟೋರ್‌ಕೀಲಿ

ಹಳೇಗಾಣ ಅಣ್ಣಾರ, ಕೊಟೇಶನ್ ಡ್ರಾವರ್‌ನ್ಯಾಗ ಇಡೋದು ನಮ್ಮ ಕೆಲಸ್ರಿ, ನಿಮ್ದಲ್ಲ. 🙂

ಪ್ಯಾನ್‌ಮಹಡಿ

ಬಿಚ್ಚಿ ನೋಡಿದೆ ಕಾಕಾರ. ಕಾಟ ಕೊಡೋ ಸಿರಪ್ ವಾಲ್ವಿನ ಬಾಕ್ಸಿನಾಗ ತಳದಾಗ ನೀರು ನಿಂತಿತ್ತು. ಬರೇ ನೀರಲ್ಲ, ಬೆರಳಿಗೆ ಅಂಟತಿತ್ತು. ಸಿರಪ್ ಆವಿ ಕೂಡಿ ಹೋಗಿದ್ದಿರಬೇಕು. ಟರ್ಮಿನಲ್ ಪಟ್ಟಿ ಮ್ಯಾಲ ಹಸಿರು ಕಿಲುಬು, ಎರಡು ಟರ್ಮಿನಲ್ ನಡುವ ಅದ ಹಸಿರು ಸೇತುವೆ ಕಟ್ಟಿದಂಗ ಹಬ್ಬೇತಿ. ತಂತಿ ತುದಿಗೆ ಲೋಹದ ಲಗ್ ಇಲ್ಲ, ಬರೇ ತಂತಿ ಸುತ್ತಿ ಬಿಗಿದಾರ, ತಂತಿ ಕಪ್ಪಾಗೇತಿ. ಕ್ಯಾಮ್ ಶಾಫ್ಟ್ ಬುಡದಾಗ ತುಕ್ಕು. ಕವರ್ ರಬ್ಬರ್ ರಿಂಗ್ ಒಂದು ಕಡೆ ಕಚ್ಚಿ ಹರದೈತಿ. ಕೇಬಲ್ ಮ್ಯಾಲಿನ ಟ್ರೇಯಿಂದ ಸೀದಾ ಕೆಳಗ ಇಳದು ಗ್ಲ್ಯಾಂಡ್ ಒಳಗ ಹೋಗೇತಿ. ಎರಡನೇ ತೂತಿಗೆ ಕಂಪನಿಯಿಂದ ಬರುವಾಗ ಇದ್ದ ಕೆಂಪು ಪ್ಲಾಸ್ಟಿಕ್ ಮುಚ್ಚಳ ಇತ್ತು, ಬಿಸಿಗೆ ಅರ್ಧ ಬಾಗಿ ನಿಂತೈತಿ.

ಕಾಟ ಇಲ್ಲದ್ದು ವ್ಯಾಕ್ಯೂಮ್ ಬ್ರೇಕರ್ (ಪ್ಯಾನಿಗೆ ಗಾಳಿ ಬಿಟ್ಟು ವ್ಯಾಕ್ಯೂಮ್ ತೆಗೆಯೋ ವಾಲ್ವ್) ಬಾಕ್ಸ್. ಅದೂ ಅದ ಮೇಕ್, ಅದ ವರ್ಷದ್ದು. ಒಳಗ ಹೊಸದರಂಗ ಐತಿ. ಅಲ್ಲಿ ಕೇಬಲ್ ಕೆಳಗಿಂದ ಬರ್ತೈತಿ. ಎರಡರ ಮ್ಯಾಲೂ ಐಪಿ 67 ಅಂತ ಬರದಾರ.

ಹಳೇಗಾಣ

ಅಷ್ಟ ಮತ್ತ. ಉತ್ತರ ನಿನ್ನ ಕೈಯಾಗ ಐತಿ.

ಐಪಿ 67 ಅಂದ್ರ ಧೂಳು ಒಳಗ ಹೋಗಬಾರದು, ಒಂದು ಮೀಟರ್ ನೀರಾಗ ಅರ್ಧ ತಾಸು ಮುಳುಗಿಸಿದ್ರೂ ಹಾಳಾಗುವಷ್ಟು ನೀರು ಸೇರಬಾರದು. ಆದ್ರ ಆ ಪರೀಕ್ಷೆ ಮಾಡೋದು ಸರಿ ಗ್ಲ್ಯಾಂಡ್, ಸರಿ ಪ್ಲಗ್, ಸರಿ ರಿಂಗ್ ಇದ್ದಾಗ. ನೀವು ಪ್ಲಾಸ್ಟಿಕ್ ಮುಚ್ಚಳ ಬಿಟ್ಟ ಕೂಡಲೇ ಆ ಅಂಕಿ ಹೋತು. ಆ ಕೆಂಪು ಮುಚ್ಚಳ ಸಾಗಾಟಕ್ಕಷ್ಟ ಇರೋದು. ಅಲ್ಲಿ ಬೇಕಾದ್ದು ಥ್ರೆಡ್ ಇರೋ ಲೋಹದ ಪ್ಲಗ್, ರಿಂಗ್ ಸಮೇತ.

ಎರಡನೇದು, ನೀರು ಹೊರಗಿಂದ ಬಿದ್ದು ಹೋಗೋದು ಕಡಿಮಿ. ಬಾಕ್ಸ್ ಉಸಿರಾಡ್ತೈತಿ. ಪ್ಯಾನ್ ಸ್ಟೀಮ್ ಮಾಡುವಾಗ ಬಾಕ್ಸ್ ಕಾಯತೈತಿ, ಒಳಗಿನ ಗಾಳಿ ಹಿಗ್ಗಿ ಗ್ಲ್ಯಾಂಡ್ ಸಂದಿಯಿಂದ ಹೊರಗ ಹೋಗ್ತೈತಿ. ತಣ್ಣಗಾಗುವಾಗ ಸುತ್ತಲಿನ ಆವಿ ಎಳಕೊಂತೈತಿ. ಆ ಆವಿ ಒಳಗ ಹನಿ ಆಗಿ ತಳಕ್ಕ ನಿಂದರ್ತೈತಿ. ದಿನಕ್ಕ ಇಷ್ಟು ಸ್ಟ್ರೈಕ್, ಇಷ್ಟು ಸಲ ಉಸಿರು. ಅದಕ್ಕ ನಿಮ್ಮ ಸಿರಪ್ ಬಾಕ್ಸ್ ಹಾಳು, ವ್ಯಾಕ್ಯೂಮ್ ಬ್ರೇಕರ್ ಬಾಕ್ಸ್ ಛಲೋ.

ಕೇಬಲ್ ಗ್ಲ್ಯಾಂಡಿಗೆ ಹೋಗೋಕಿಂತ ಮೊದಲ ಕೆಳಗ ಒಂದು ಜೋಲು ಬಿಡ್ರಿ. ಹನಿ ಅಲ್ಲೇ ಉದುರತೈತಿ, ಗ್ಲ್ಯಾಂಡಿಗೆ ಹೋಗಂಗಿಲ್ಲ. ಆಗಲಿಲ್ಲ ಅಂದ್ರ ಬಾಕ್ಸೇ ತಿರುಗಿಸಿ ತೂತು ಬದಿಗೆ ಅಥವಾ ಕೆಳಗ ಬರುವಂಗ ಮಾಡ್ರಿ. ಕಿಲುಬು ಹಿಡಿದ ಪಟ್ಟಿ ತೆಗಿರಿ, ಹೊಸ ಪಟ್ಟಿ, ತವರ ಲೇಪಿಸಿದ ಲಗ್, ಕ್ರಿಂಪ್ ಮಾಡ್ರಿ. ಎರಡೂ ಸಿಗ್ನಲ್ ಒಮ್ಮೆಲೇ ಬರೋದಕ್ಕ ಕಾರಣ ಆ ಹಸಿರು ಸೇತುವೆಯೇ. ಅದರ ಮ್ಯಾಲಿಂದ ಕರೆಂಟ್ ಸೋರತೈತಿ.

ಪ್ರಾಕ್ಸಿಮಿಟಿ ಹಾಕಿದ್ರೂ ಟರ್ಮಿನಲ್ ಪಟ್ಟಿ ಅದ ನೀರಾಗ ಕುಂದರ್ತೈತಿ ಅನ್ನೋದು ಸಪ್ಲೈಯರ್ ಹೇಳಿಲ್ಲಲ್ಲ?

ಲೋಕಾಪುರಧೂಳು

ಕಾಕಾರ ಮಾತು ಅರ್ಧ ಒಪ್ತೀನಿ. ನಾ ಸಿಮೆಂಟ್ ಕಡೆ. ನಮ್ಮಲ್ಲಿ ಬ್ಯಾಗ್ ಫಿಲ್ಟರ್ ಡ್ಯಾಂಪರ್, ಸೈಲೋ ಕೆಳಗಿನ ನೈಫ್ ಗೇಟ್, ಎಲ್ಲಾ ಕಡೆ ಮೈಕ್ರೋಸ್ವಿಚ್ ಇದ್ದಾಗ ಧೂಳು ಲೀವರಿಗೆ ಮೆತ್ತಿ ಒತ್ತಿದ್ದು ಬಿಡವಲ್ಲದು, ಬಿಟ್ಟದ್ದು ಒತ್ತವಲ್ಲದು. ಇಂಡಕ್ಟಿವ್ ಪ್ರಾಕ್ಸಿ ಹಾಕಿದ ಮ್ಯಾಲ ಆ ತಲಿನೋವು ಹೋತು. ಒಳಗ ಚಲಿಸೋ ಸಂಪರ್ಕ ಇಲ್ಲ, ಮುಂದ ಲೋಹ ಬಂತಂದ್ರ ಸಾಕು. ಕಂಪನಕ್ಕೂ ತಡೀತೈತಿ. ಮೆಕ್ಯಾನಿಕಲ್ಲೇ ಛಲೋ ಅಂತ ಕೂತ್ರ ಅದೂ ಹಟ ಆಗ್ತೈತಿ.

ಒಂದ ಎಚ್ಚರಿಕಿ. ಎರಡು ವೈರಿನ ಪ್ರಾಕ್ಸಿ ತಗೊಂಡ್ರ ಅದು ಆಫ್ ಇದ್ದಾಗಲೂ ಒಂಚೂರು ಕರೆಂಟ್ ಕುಡೀತೈತಿ, ತನ್ನ ಒಳಗಿನ ಸರ್ಕ್ಯೂಟ್ ನಡಸಾಕ. ಪಿಎಲ್‌ಸಿ ಇನ್‌ಪುಟ್ ಬಾಳ ಸೂಕ್ಷ್ಮ ಇದ್ರ ಆ ಸೋರಿಕೆಗೇ ಆನ್ ಅಂತ ತಿಳಕೊಂತೈತಿ. ಇನ್‌ಪುಟ್ಟಿಗೆ ಅಡ್ಡ ಒಂದು ರೆಸಿಸ್ಟರ್ ಹಾಕಬೇಕಾಗ್ತೈತಿ. ಮೂರು ವೈರಿನ ಪಿಎನ್‌ಪಿ ಜಾತಿ ಪ್ರಾಕ್ಸಿ (ಕರೆಂಟಿಗೆ ಬ್ಯಾರೆ ವೈರ್ ಇರ್ತೈತಿ) ತಗೊಂಡ್ರ ಈ ಗೊಡವಿ ಇಲ್ಲ, ಆದ್ರ ಈಗಿರೋ ಕೇಬಲ್‌ನ್ಯಾಗ ಕೋರ್ ಸಾಲತಾವೇನು ಎಣಿಸಿಕೊಂಡು ಹೇಳ್ರಿ. ಸಪ್ಲೈಯರ್ ಕೊಟೇಶನ್‌ನ್ಯಾಗ ಕೇಬಲ್ ರೇಟ್ ಹಿಡದಾನೇನು? ಖಂಡಿತ ಹಿಡದಿರಂಗಿಲ್ಲ.

ರಾತ್ರಿಪಾಳಿ

ಪಿಎಲ್‌ಸಿ ಪ್ರೋಗ್ರಾಂ ಬರೆಯುವವನು ನಾನು, ಬೆಳಗಾವಿ. ಸ್ವಿಚ್ಚಿನ ವಿಷಯ ಹೇಳುವ ಮುಂಚೆ ಫೋರ್ಸ್ ವಿಷಯ. ದಯವಿಟ್ಟು ಹಾಕಬೇಡಿ. ಫೋರ್ಸ್ ಹಾಕಿದ ಇನ್‌ಪುಟ್ ಯಾರಿಗೂ ನೆನಪಿರುವುದಿಲ್ಲ. ಪಾಳಿ ಬದಲಾಗುತ್ತದೆ, ಸೀಜನ್ ಬದಲಾಗುತ್ತದೆ, ಫೋರ್ಸ್ ಹಾಗೇ ಉಳಿಯುತ್ತದೆ. ಆಮೇಲೆ ವಾಲ್ವ್ ನಿಜಕ್ಕೂ ತೆರೆಯದ ದಿನ ಬರುತ್ತದೆ. ತೀರ ಅನಿವಾರ್ಯವಾದರೆ ಸ್ಕ್ರೀನಿನಲ್ಲಿ ಬೈಪಾಸ್ ಬಟನ್ ಕೊಡಿ, ಆ ವಾಲ್ವಿನ ಪಕ್ಕದಲ್ಲಿ ದೊಡ್ಡದಾಗಿ ‘ಬೈಪಾಸ್’ ಎಂದು ಕಾಣಲಿ, ಪಾಳಿ ಮುಗಿದಾಗ ತಾನೇ ಬಿದ್ದುಹೋಗಲಿ. ಯಾರು ಒತ್ತಿದರು ಎನ್ನುವುದು ದಾಖಲಾಗಲಿ.

ಎರಡು ಸ್ವಿಚ್ಚಿನಿಂದ ನಾಲ್ಕು ಸ್ಥಿತಿ ಬರುತ್ತವೆ. ತೆರೆದದ್ದು, ಮುಚ್ಚಿದ್ದು, ಎರಡೂ ಇಲ್ಲ ಅಂದರೆ ಮಧ್ಯದಲ್ಲಿ ಚಲಿಸುತ್ತಿದೆ, ಎರಡೂ ಇವೆ ಅಂದರೆ ದೋಷ. ಬಹಳ ಕಡೆ ಕೊನೆಯದನ್ನು ಪ್ರೋಗ್ರಾಂನಲ್ಲಿ ಬರೆದೇ ಇರುವುದಿಲ್ಲ. ಚಲಿಸುತ್ತಿದೆ ಎನ್ನುವುದಕ್ಕೂ ಸಮಯದ ಮಿತಿ ಬೇಕು. ವಾಲ್ವ್ ಮುಚ್ಚಿದಲ್ಲಿಂದ ತೆರೆಯಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಅದರ ಒಂದೂವರೆ ಪಟ್ಟೋ ಎರಡು ಪಟ್ಟೋ ಟೈಮರ್ ಇಡಿ. ಇನ್ನೂ ಒಂದು ಉಪಯೋಗ: ಆ ಸೆಕೆಂಡುಗಳನ್ನು ಪ್ರತಿ ಸಲ ದಾಖಲಿಸುತ್ತ ಹೋದರೆ, ವಾಲ್ವ್ ಬಿಗಿಯಾಗುತ್ತಿರುವುದು, ಸಾಲಿನಾಯ್ಡ್ (ಗಾಳಿ ಬಿಡುವ ವಿದ್ಯುತ್ ವಾಲ್ವ್) ಎಗ್ಸಾಸ್ಟ್ ಕಟ್ಟಿಕೊಳ್ಳುತ್ತಿರುವುದು ಕೆಡುವ ಮೊದಲೇ ಕಾಣುತ್ತದೆ. ಲಿಮಿಟ್ ಸ್ವಿಚ್ಚಿನಿಂದ ಸಿಗುವ ಅತ್ಯಂತ ಬೆಲೆಬಾಳುವ ಮಾಹಿತಿ ಇದೇ, ಇದನ್ನೇ ಯಾರೂ ತೆಗೆದುಕೊಳ್ಳುವುದಿಲ್ಲ.

ತಟ್ಟಿದರೆ ಸಿಗ್ನಲ್ ಬರುತ್ತದೆ ಎಂದಿರಿ. ಮೈಕ್ರೋಸ್ವಿಚ್ಚಿನ ಸಂಪರ್ಕ ಬೆಳ್ಳಿಯದೋ ಚಿನ್ನದ ಲೇಪದ್ದೋ ನೋಡಿ. ಪಿಎಲ್‌ಸಿ ಇನ್‌ಪುಟ್ ಎಳೆಯುವುದು ಕೆಲವೇ ಮಿಲಿಆಂಪ್. ಬೆಳ್ಳಿ ಸಂಪರ್ಕದ ಮೇಲೆ ಪೊರೆ ಕಟ್ಟುತ್ತದೆ, ಅದನ್ನು ಸುಟ್ಟು ತೆಗೆಯುವಷ್ಟು ಕಿಡಿ ಈ ಸಣ್ಣ ಕರೆಂಟಿಗೆ ಹುಟ್ಟುವುದಿಲ್ಲ. ತಟ್ಟಿದಾಗ ಪೊರೆ ಸರಿದು ಸಂಪರ್ಕ ಸಿಗುತ್ತದೆ. ಬೆಳ್ಳಿಯ ಸ್ವಿಚ್ 230 ವೋಲ್ಟ್ ರಿಲೇ ಎಳೆಯುವ ಹಳೆ ಪ್ಯಾನೆಲ್ಲಿಗೆ ಸರಿ. 24 ವೋಲ್ಟ್ ಪಿಎಲ್‌ಸಿಗೆ ಚಿನ್ನದ ಲೇಪ ಬೇಕು.

ಪ್ಯಾನ್‌ಮಹಡಿ

ರಾತ್ರಿಪಾಳಿ ಸರ, ಸ್ವಿಚ್ ಮ್ಯಾಲ ಬರೇ 16 ಆಂಪ್ 250 ವೋಲ್ಟ್ ಅಂತ ಐತಿ. ಬೆಳ್ಳಿದೇ ಇರಬೇಕು ಹಂಗಾರ?

ರಾತ್ರಿಪಾಳಿ

ಬಹುತೇಕ ಹೌದು. ಅಷ್ಟು ದೊಡ್ಡ ಆಂಪ್ ಬರೆದಿದ್ದರೆ ಅದು ಸಣ್ಣ ಕರೆಂಟಿಗಾಗಿ ಮಾಡಿದ ಸ್ವಿಚ್ ಅಲ್ಲ. ಮತ್ತೊಂದು: ಹೊಸ ಚಿನ್ನದ ಲೇಪದ ಸ್ವಿಚ್ ಬಂದ ಮೇಲೆ ಯಾರಾದರೂ 230 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಚ್ಚಿ ‘ಕೆಲಸ ಮಾಡ್ತದೆ’ ಎಂದು ನೋಡಲು ಹೋದರೆ ಆ ತೆಳು ಲೇಪ ಅಲ್ಲೇ ಸುಟ್ಟುಹೋಗುತ್ತದೆ. ಮಲ್ಟಿಮೀಟರಿನಿಂದಲೇ ನೋಡಿ.

ಉದ್ಯಮಬಾಗ್‌ಬ್ರಾಕೆಟ್

ನಾವು ಉದ್ಯಮಬಾಗಿನ್ಯಾಗ ಮೌಂಟಿಂಗ್ ಬ್ರಾಕೆಟ್, ಕಪ್ಲಿಂಗ್ ಮಾಡಿ ಕೊಡ್ತೀವಿ. ನಮ್ಮ ಕಡೆ ಬರೋ ಕಂಪ್ಲೇಂಟ್ ಅರ್ಧ ಬಾಕ್ಸಿಂದಲ್ಲ, ಬ್ರಾಕೆಟ್ಟಿಂದು. ಆಕ್ಚುಯೇಟರ್ ತಲಿ ಮ್ಯಾಲಿನ ತೂತಿನ ಅಳತಿ ನಾಮೂರ್ ಪ್ರಕಾರ ಇರ್ತಾವು, ಜರ್ಮನಿಯ ವಿಡಿಐ/ವಿಡಿಇ 3845 ಮಾನದಂಡ. ಸಣ್ಣ ಮಧ್ಯಮ ಆಕ್ಚುಯೇಟರಿಗೆ 80 ಗುಣಿಸು 30 ಮಿಲಿಮೀಟರ್, ದೊಡ್ಡದಕ್ಕ 130 ಗುಣಿಸು 30. ಶಾಫ್ಟ್ ಎತ್ತರ 20, 30, 50 ಹಿಂಗ ಬ್ಯಾರೆ ಬ್ಯಾರೆ. 30ರ ಬ್ರಾಕೆಟ್ಟು 20ರ ಶಾಫ್ಟಿಗೆ ಕೂಡಿಸಿದ್ರ ಬಾಕ್ಸಿನ ನಾಲಿಗಿ ಆಕ್ಚುಯೇಟರ್ ಶಾಫ್ಟ್ ತಲಿಯ ಸೀಳಿನೊಳಗ ತುದಿ ಅಷ್ಟ ಹಿಡೀತೈತಿ. ಒಂದು ಸೀಜನ್ ನಡೀತೈತಿ. ಆಮ್ಯಾಲ ಮೂಲಿ ಸವದು ಆಟ ಬರ್ತೈತಿ. ತೆರದ ಸಿಗ್ನಲ್ ಒಮ್ಮೆ ಬರ್ತೈತಿ ಒಮ್ಮೆ ಇಲ್ಲ.

ಪರೀಕ್ಷೆ ಸಸಾರ ಐತಿ. ಗಾಳಿ ಬಂದ್ ಮಾಡಿ, ಡೋಮ್ ತಗದು, ಬಾಕ್ಸ್ ಶಾಫ್ಟ್ ಕೈಯಿಂದ ಅತ್ತಿತ್ತ ತಿರುವ್ರಿ. ಆಟ ಬೆರಳಿಗೇ ಗೊತ್ತಾಗ್ತೈತಿ. ನಾಕೂ ಬೋಲ್ಟ್ ಅದಾವೇನು ಅದನ್ನೂ ನೋಡ್ರಿ. ಎರಡ ಬೋಲ್ಟಿನ ಮ್ಯಾಲ ನಿಂತ ಬ್ರಾಕೆಟ್ ಬೇಕಾದಷ್ಟು ಕಂಡೀನಿ. ಮ್ಯಾಲ ಯಾರರೆ ಕಾಲಿಟ್ಟು ಹತ್ತಿದ್ರಂದ್ರ ಬಾಗಿ ಹೋಗ್ತೈತಿ. ಪ್ಯಾನ್ ಮಹಡಿ ಮಂದಿಗೆ ಲಿಮಿಟ್ ಸ್ವಿಚ್ ಬಾಕ್ಸ್ ಅಂದ್ರ ಏಣಿ ಮೆಟ್ಟಿಲಾ.

ಕೃಷ್ಣಾತೀರ

ಮೆಟ್ಟಿಲು ಮಾತು ಖರೇ! ನಾನು ಏತ ನೀರಾವರಿ ಪಂಪ್‌ಹೌಸ್ ಕಡೆಯವ, ಆಲಮಟ್ಟಿ ಹಿನ್ನೀರಿನ ದಂಡಿ. ನಮ್ಮ ಬಟರ್‌ಫ್ಲೈ ವಾಲ್ವ್ ಮೋಟರ್ ಮ್ಯಾಲ ನಡೀತಾವು, ಗಾಳಿ ಮ್ಯಾಲಲ್ಲ. ಅಲ್ಲಿ ಲಿಮಿಟ್ ಸ್ವಿಚ್ಚಿನ ಜೋಡಿ ಟಾರ್ಕ್ ಸ್ವಿಚ್ (ತಿರುಗಿಸೋ ಬಲ ಹೆಚ್ಚಾದ್ರ ಮೋಟರ್ ನಿಲ್ಲಿಸೋದು) ಇರ್ತೈತಿ. ಬಟರ್‌ಫ್ಲೈ ಮುಚ್ಚುವಾಗ ಲಿಮಿಟ್ ಮ್ಯಾಲ ನಿಲ್ಲಿಸಬೇಕು, ಟಾರ್ಕ್ ಬರೇ ಕಾವಲಿಗೆ. ವೆಜ್ ಗೇಟ್ ವಾಲ್ವ್ ಇದ್ರ ಉಲ್ಟಾ, ಟಾರ್ಕ್ ಮ್ಯಾಲ ಒತ್ತಿ ಕೂಡಿಸಬೇಕು. ಇದನ್ನ ಅದಲು ಬದಲು ಮಾಡಿ ರಬ್ಬರ್ ಸೀಟ್ ಅರದು ಹಾಕಿದ್ದು ಕಣ್ಣಾರೆ ನೋಡೀನಿ. ಡೆಲಿವರಿ ವಾಲ್ವ್ ಮುಚ್ಚೈತಿ ಅನ್ನೋ ಸಿಗ್ನಲ್ ಇಲ್ಲದ ನಮ್ಮ ಪಂಪ್ ಚಾಲೂನೇ ಆಗಂಗಿಲ್ಲ. ಅದಕ್ಕ ನಮಗ ಆ ಒಂದ್ ಸ್ವಿಚ್ ಅಂದ್ರ ಇಡೀ ಪಂಪ್.

ನಮ್ಮ ಇನ್ನೊಂದು ಕಾಟ ಹೇಳ್ತೀನಿ, ನಿಮ್ಮಲ್ಲೂ ಇರಬಹುದು. ಫೀಡ್‌ಬ್ಯಾಕ್ 230 ವೋಲ್ಟ್ ಎಸಿ, ಕೇಬಲ್ ಬಾಳ ಉದ್ದ. ಸ್ವಿಚ್ ಆಫ್ ಇದ್ರೂ ಪ್ಯಾನೆಲ್ಲಿನ ಎಲ್‌ಇಡಿ ದೀಪ ಮಿಣಿಮಿಣಿ ಅಂತಿತ್ತು. ಮೀಟರ್ ಹಿಡಿದ್ರ 80–90 ವೋಲ್ಟ್ ತೋರಸ್ತೈತಿ. ಪಕ್ಕದ ಕೋರಿನಿಂದ ಹಾಯ್ದು ಬರೋ ಸುಳ್ಳು ವೋಲ್ಟೇಜ್ ಅದು. ಒಂದು ಸಾದಾ ಬಲ್ಬ್ ಅಡ್ಡ ಹಚ್ಚಿದ ಕೂಡಲೇ ಮಾಯ. ಹಳೇ ದೊಡ್ಡ ರಿಲೇ ಇದ್ದಾಗ ಈ ಕಾಟ ಇರಲಿಲ್ಲ, ಅವು ಸಣ್ಣ ಕರೆಂಟಿಗೆ ಏಳ್ತಿರಲಿಲ್ಲ. ಸೂಕ್ಷ್ಮ ರಿಲೇ ಬಂದ ಮ್ಯಾಲ ಶುರು ಆತು.

ಜಮಖಂಡಿಡಿಪ್ಲೊಮಾ

ನಾನು ಇನ್ನೂ ಓದ್ತಾ ಇದೀನಿ, ತಪ್ಪಿದ್ರೆ ಬೈಬ್ಯಾಡ್ರಿ. ಬಾಕ್ಸ್ ಕೂತಿರೋದು ಆಕ್ಚುಯೇಟರ್ ತಲಿ ಮ್ಯಾಲ. ವಾಲ್ವಿನ ಡಿಸ್ಕ್ ಇರೋದು ಕೆಳಗ ಪೈಪಿನ ಒಳಗ. ನಡುವಿನ ಕೀಲಿ ಮುರದ್ರ, ಆಕ್ಚುಯೇಟರ್ ಒಂದ ತಿರುಗಿ ಬಾಕ್ಸ್ ‘ತೆರೆದಿದೆ’ ಅಂತ ಹೇಳಂಗಿಲ್ಲೇನ್ರಿ? ಆಗ ನಮಗ ಹೆಂಗ ಗೊತ್ತಾಗ್ತೈತಿ?

ಹಳೇಗಾಣ

ಬೈಯೋದು ಎಲ್ಲಿ ಬಂತಪಾ. ಇಷ್ಟೊತ್ತು ನಾವ್ಯಾರೂ ಕೇಳದ ಪ್ರಶ್ನೆ ಕೇಳೀದಿ.

ಗೊತ್ತಾಗಂಗಿಲ್ಲ. ಬಾಕ್ಸ್ ಹೇಳೋದು ಆಕ್ಚುಯೇಟರ್ ಶಾಫ್ಟಿನ ಸುದ್ದಿ ಅಷ್ಟ. ಕಪ್ಲಿಂಗ್ ಸವದಿದ್ರ, ಕೀ ತುಂಡಾಗಿದ್ರ, ಡಿಸ್ಕಿನ ಪಿನ್ ಕಿತ್ತಿದ್ರ ಮ್ಯಾಲ ಹಳದಿ ಡೋಮ್, ಕೆಳಗ ಮುಚ್ಚಿದ ವಾಲ್ವ್. ಒಂದ್ ಕಾರ್ಖಾನ್ಯಾಗ ನಾ ಇದ್ದಾಗ ಕ್ಲಾರಿಫೈಯರ್ ಕಡೆ ಸುಣ್ಣದ ಹಾಲಿನ ಲೈನ್ ಮ್ಯಾಲ ಹಿಂಗ ಆಗಿತ್ತು. ಸುಣ್ಣ ಗಟ್ಟಿ ಕಟ್ಟಿ ಡಿಸ್ಕ್ ಹಿಡಕೊಂಡಿತ್ತು, ಆಕ್ಚುಯೇಟರ್ ಜೋರು ಮಾಡಿತು, ಕೀ ಹೋತು. ಸ್ಕ್ರೀನ್ ಮ್ಯಾಲ ಎಲ್ಲಾ ಛಂದ. ರಸದ ಪಿಎಚ್ ಇಳೀಲಿಕ್ಕೆ ಹತ್ತಿದಾಗ ಕೆಮಿಸ್ಟ್ ಹಿಡದ. ವಾಲ್ವ್ ತೆರದ ಮ್ಯಾಲ ಏನರೆ ಬದಲಾಗಲೇಬೇಕಲ್ಲ: ಲೆವೆಲ್ ಏರಬೇಕು, ಫ್ಲೋ ಬರಬೇಕು, ಪಂಪಿನ ಆಂಪ್ ಬದಲಾಗಬೇಕು. ಬಾಕ್ಸಿನ ಮಾತನ್ನ ಅದರ ಜೋಡಿ ತಾಳೆ ನೋಡಬೇಕು.

ರಾತ್ರಿಪಾಳಿ

ಇದಕ್ಕಿಂತ ಒಂದು ಮೆಟ್ಟಿಲು ಕೆಟ್ಟದ್ದೂ ಇದೆ. ಬಾಕ್ಸೇ ಇಲ್ಲದೆ, ಕಮಾಂಡನ್ನೇ ಫೀಡ್‌ಬ್ಯಾಕ್ ಎಂದು ತೋರಿಸುವುದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ 2ನೇ ಘಟಕದಲ್ಲಿ ಆದದ್ದು ಅದೇ. ಒತ್ತಡ ಇಳಿಸುವ ರಿಲೀಫ್ ವಾಲ್ವ್ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಆದರೆ ಪ್ಯಾನೆಲ್ಲಿನ ದೀಪವನ್ನು ಜೋಡಿಸಿದ್ದು ಸಾಲಿನಾಯ್ಡಿನ ವಿದ್ಯುತ್ತಿಗೆ, ವಾಲ್ವಿಗಲ್ಲ. ವಿದ್ಯುತ್ ಹೋದ ಕೂಡಲೇ ದೀಪ ಆರಿತು, ಆಪರೇಟರುಗಳು ವಾಲ್ವ್ ಮುಚ್ಚಿತೆಂದು ತಿಳಿದರು. ಎರಡು ತಾಸಿಗೂ ಹೆಚ್ಚು ಹೊತ್ತು ರಿಯಾಕ್ಟರನ್ನು ತಂಪುಗೊಳಿಸುವ ನೀರು ಸೋರಿ ಹೋಗುತ್ತಲೇ ಇತ್ತು. ಆಮೇಲೆ ಯಾರೋ ಅದರ ಹಿಂದಿನ ಬ್ಲಾಕ್ ವಾಲ್ವ್ ಮುಚ್ಚಿದರು. ಅಷ್ಟರಲ್ಲಿ ಇಂಧನ ಕರಗುವ ಹಂತ ಮುಟ್ಟಿತ್ತು.

ನಮ್ಮ ಕಡೆಯ ಎಷ್ಟೋ ಸಣ್ಣ ಪ್ಯಾಕೇಜ್ ಪ್ಲಾಂಟುಗಳ ಸ್ಕ್ರೀನಿನಲ್ಲಿ ಹಸಿರಾಗುವ ವಾಲ್ವ್ ಚಿತ್ರವೂ ಬರೀ ಔಟ್‌ಪುಟ್ ಬಿಟ್. ಪ್ಯಾನ್‌ಮಹಡಿಯವರೇ, ನಿಮ್ಮ ಸ್ಕ್ರೀನಿನಲ್ಲಿ ಯಾವ ಚಿತ್ರ ಫೀಡ್‌ಬ್ಯಾಕಿನಿಂದ ಬಣ್ಣ ಬದಲಿಸುತ್ತದೆ, ಯಾವುದು ಕಮಾಂಡಿನಿಂದ ಎನ್ನುವುದನ್ನು ಒಂದು ಸಲ ಕೂತು ನೋಡಿ.

ಲೋಕಾಪುರಧೂಳು

ಬಣ್ಣದ ಮಾತು ಬಂತಂದ್ರ ಇದನ್ನೂ ಇತ್ಯರ್ಥ ಮಾಡ್ರಿ. ನಮ್ಮ ಪ್ಲಾಂಟಿನ್ಯಾಗ ಹಸಿರು ಅಂದ್ರ ತೆರದೈತಿ. ಪವರ್ ಪ್ಲಾಂಟಿನಿಂದ ಬಂದ ಹೊಸ ಎಂಜಿನಿಯರ್ ಕೆಂಪು ಅಂದ್ರ ತೆರದೈತಿ ಅಂತಾರ. ಜಗಳ ಹತ್ತೈತಿ.

ಕೃಷ್ಣಾತೀರ

ಇಬ್ರೂ ಖರೇ. ವಿದ್ಯುತ್ ಸ್ಥಾವರದ ಹಳೇ ರೂಢಿಯೊಳಗ ಕೆಂಪು ಅಂದ್ರ ಚಾಲೂ, ಬ್ರೇಕರ್ ಕೂಡಿದ್ದು, ವಾಲ್ವ್ ತೆರದದ್ದು. ಹಸಿರು ಅಂದ್ರ ಬಂದ್. ಪ್ರೋಸೆಸ್ ಪ್ಲಾಂಟ್ ಕಡೆ ಬಾಳ ಮಂದಿ ಹಸಿರು ತೆರದದ್ದು, ಕೆಂಪು ಮುಚ್ಚಿದ್ದು ಅಂತ ಹಿಡೀತಾರ. ಬಾಕ್ಸಿನ ಡೋಮ್ ಬಾಳಷ್ಟು ಹಳದಿ ತೆರದದ್ದು, ಕೆಂಪು ಮುಚ್ಚಿದ್ದು ಅಂತ ಬರ್ತಾವು. ಸಕ್ಕರಿ ಕಾರ್ಖಾನ್ಯಾಗ ಪ್ಯಾನ್ ಮಹಡಿ, ಕೋಜನರೇಶನ್, ಡಿಸ್ಟಿಲರಿ ಮೂರೂ ಒಂದ ಕಾಂಪೌಂಡಿನ್ಯಾಗ. ಒಬ್ಬ ಆಪರೇಟರ್‌ನ ಅಲ್ಲಿಂದ ಇಲ್ಲಿಗೆ ಹಾಕಿದ್ರ ಅವನ ಗತಿ ಏನು?

ಹಳೇಗಾಣ

ಬಣ್ಣದ ಜೋಡಿ ಅಕ್ಷರಾನೂ ಬರೀರಿ. ತೆರೆದಿದೆ, ಮುಚ್ಚಿದೆ. ಕನ್ನಡದಾಗ. ಮುಗೀತು ಜಗಳ.

ಸ್ಪಿರಿಟ್‌ಟ್ಯಾಂಕ್

ನಾನು ಡಿಸ್ಟಿಲರಿಯಲ್ಲಿ, ಎಥನಾಲ್ ಟ್ಯಾಂಕ್ ಫಾರ್ಮ್ ನೋಡಿಕೊಳ್ಳುವವನು. ಪ್ಯಾನ್ ಮಹಡಿಗೆ ಹೇಳಿದ ಎಲ್ಲ ಸಲಹೆಯನ್ನೂ ಡಿಸ್ಟಿಲರಿಗೆ ಹಾಗೇ ತರಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ಎಥನಾಲಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ಸಿಕ್ಕರೆ ಆವಿ ಹೊತ್ತುವ ಕನಿಷ್ಠ ಉಷ್ಣತೆ) ಸುಮಾರು 13 ಡಿಗ್ರಿ ಸೆಲ್ಸಿಯಸ್. ನಮ್ಮ ಬಾಗಲಕೋಟೆಯ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ, ಅಂದರೆ ಆವಿ ವರ್ಷವಿಡೀ ಇದೆ ಎಂದೇ ಲೆಕ್ಕ. ಅಲ್ಲಿ ಸಾದಾ ಬಾಕ್ಸ್ ನಡೆಯುವುದಿಲ್ಲ. ಒಂದೋ ಫ್ಲೇಮ್‌ಪ್ರೂಫ್ ಬಾಕ್ಸ್ ಬೇಕು, ಇಲ್ಲವೇ ಇಂಟ್ರಿನ್ಸಿಕಲಿ ಸೇಫ್ (ಆವಿ ಹೊತ್ತಿಸುವಷ್ಟು ಶಕ್ತಿಯೇ ಇಲ್ಲದ) ಸರ್ಕ್ಯೂಟ್ ಬೇಕು. ಫ್ಲೇಮ್‌ಪ್ರೂಫ್ ಉಪಕರಣಕ್ಕೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊದ (ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆ) ಅನುಮೋದನೆ ಇದೆಯೇ ನೋಡಿಯೇ ತೆಗೆದುಕೊಳ್ಳಬೇಕು.

ಫ್ಲೇಮ್‌ಪ್ರೂಫ್ ಬಾಕ್ಸ್ ಒಳಗೆ ಸ್ಫೋಟ ಆಗುವುದನ್ನು ತಡೆಯುವುದಿಲ್ಲ. ಒಳಗೆ ಹೊತ್ತಿದರೂ ಬೆಂಕಿ ಕವರಿನ ಸಂದಿಯಲ್ಲಿ ಹಾಯುವಾಗ ತಣ್ಣಗಾಗಿ ಹೊರಗಿನ ಆವಿಗೆ ಮುಟ್ಟದಂತೆ ನೋಡಿಕೊಳ್ಳುತ್ತದೆ. ಆ ಸಂದಿಯ ಅಳತೆಯೇ ರಕ್ಷಣೆ. ನೀರು ಬರುತ್ತದೆಂದು ಆ ಸಂದಿಗೆ ಎಂಸೀಲ್ ಮೆತ್ತುವುದು, ರಬ್ಬರ್ ಕತ್ತರಿಸಿ ಹಾಕುವುದು, ಒಂದು ಬೋಲ್ಟ್ ಕಡಿಮೆ ಹಾಕಿ ಬಿಡುವುದು ಎಲ್ಲವೂ ಬಾಕ್ಸನ್ನು ಬರೀ ಭಾರದ ಡಬ್ಬಿ ಮಾಡುತ್ತವೆ. ಹಾಗೆ ಮೆತ್ತಿದ್ದನ್ನು ನೋಡಿದ್ದೇನೆ, ಹೆದರಿಕೆ ಆಗಿದೆ. ಬಿಟ್ಟ ತೂತಿಗೂ ಪ್ರಮಾಣೀಕರಿಸಿದ ಪ್ಲಗ್ಗೇ ಬೇಕು. ಲೈನಿಗೆ ಕರೆಂಟ್ ಇದ್ದಾಗ ಕವರ್ ತೆಗೆಯುವಂತಿಲ್ಲ.

ನಾಮೂರ್ ಪ್ರಾಕ್ಸಿ ನಮಗೆ ಇಷ್ಟ. 8.2 ವೋಲ್ಟಿನ ಎರಡು ವೈರು, ನೀಲಿ ಕೇಬಲ್, ಕಂಟ್ರೋಲ್ ರೂಮಿನಲ್ಲಿ ಐಸೊಲೇಟರ್ (ಶಕ್ತಿಯನ್ನು ಮಿತಿಯಲ್ಲಿಟ್ಟು ಸಿಗ್ನಲ್ ದಾಟಿಸುವ ಉಪಕರಣ). ಮುಂದೆ ಲೋಹ ಇದ್ದರೆ 1 ಮಿಲಿಆಂಪಿನ ಹತ್ತಿರ, ಇಲ್ಲದಿದ್ದರೆ 3ರ ಹತ್ತಿರ. ವೈರ್ ಹರಿದರೆ ಕರೆಂಟ್ ಸೊನ್ನೆಗೆ ಬೀಳುತ್ತದೆ, ಶಾರ್ಟ್ ಆದರೆ 6 ದಾಟುತ್ತದೆ. ಎರಡೂ ದೋಷ ಎಂದು ಐಸೊಲೇಟರೇ ಹೇಳುತ್ತದೆ. ಮೈಕ್ರೋಸ್ವಿಚ್ಚಿನಲ್ಲಿ ಹರಿದ ವೈರೂ ‘ತೆರೆದಿಲ್ಲ’ ಎನ್ನುವ ವಾಲ್ವೂ ಒಂದೇ ಥರ ಕಾಣುತ್ತವೆ. ಮೈಕ್ರೋಸ್ವಿಚ್ಚೇ ಉಳಿಸಿಕೊಳ್ಳಬೇಕೆಂದರೆ ಸ್ವಿಚ್ಚಿಗೆ 10 ಕಿಲೋಓಮ್ ರೆಸಿಸ್ಟರ್ ಅಡ್ಡಲಾಗಿ, ಅದರ ಜೊತೆ 1 ಕಿಲೋಓಮ್ ಸಾಲಾಗಿ ಹಾಕಿ ಅದೇ ಐಸೊಲೇಟರಿಗೆ ಕೊಡಬಹುದು.

ಸ್ಟೋರ್‌ಕೀಲಿ

ಇಷ್ಟೊತ್ತು ಓದಿದೆ. ನಮ್ಮ ಕಡಿಂದ ಒಂದು ಮಾತ್ರಿ. ಇಂಡೆಂಟ್‌ನ್ಯಾಗ ‘ಗ್ಲ್ಯಾಂಡ್ 50 ನಗ’ ಅಂತ ಬರದ್ರ ನಾವು ಸಿಕ್ಕದ್ದು ತರತೀವಿ. ಬಾಕ್ಸ್ ತೂತು ಎಂ20 ಐತೋ, ಅರ್ಧ ಇಂಚ್ ಎನ್‌ಪಿಟಿ ಐತೋ ಬರೀರಿ. ಎರಡೂ ಥ್ರೆಡ್ ನೋಡಾಕ ಒಂದ ಥರ, ಎರಡು ಸುತ್ತು ತಿರುಗಿ ಬಿಗಿ ಅನಿಸ್ತೈತಿ, ಫಿಟ್ಟರ್ ಟೆಫ್ಲಾನ್ ಸುತ್ತಿ ಹೊಡದು ಕೂಡಿಸ್ತಾನ. ಆಮ್ಯಾಲ ‘ಸ್ಟೋರಿನವ್ರು ಕಳಪಿ ಮಾಲ್ ತಂದಾರ’ ಅಂತ ನಮ್ಮ ಹೆಸರು. ಕೇಬಲ್ ಹೊರಗಿನ ದಪ್ಪ ಎಷ್ಟು ಅಂತಾನೂ ಬರೀರಿ. ತೆಳು ಕೇಬಲ್ಲಿಗೆ ದೊಡ್ಡ ಗ್ಲ್ಯಾಂಡ್ ಹಾಕಿದ್ರ ಒಳಗಿನ ರಬ್ಬರ್ ಏನು ಹಿಡೀತೈತಿ?

ಉದ್ಯಮಬಾಗ್‌ಬ್ರಾಕೆಟ್

ಸ್ಟೋರ್ ಅಣ್ಣಾ, ಇವತ್ತು ನಿಮ್ಮ ಮಾತಿಗೆ ನನ್ನ ಓಟು.

ಪ್ಯಾನ್‌ಮಹಡಿ

ಎಲ್ಲಾರಿಗೂ ಬಾಳ ಉಪಕಾರ್ರಿ. ಸಾಹೇಬ್ರ ಜೋಡಿ ಕುಂತು ಮಾತಾಡಿದ್ವಿ. ಹಿಂಗ ಮಾಡ್ತೀವಿ: ಕೊಟೇಶನ್ ಸದ್ಯಕ್ಕ ಬ್ಯಾಡ. ಓವರ್‌ಹಾಲಿಂಗ್‌ನ್ಯಾಗ ಪ್ಯಾನ್ ಮಹಡಿ ಬಾಕ್ಸ್ ಎಲ್ಲಾ ಬಿಚ್ಚಿ ರಿಂಗ್, ಟರ್ಮಿನಲ್ ಪಟ್ಟಿ, ಲೋಹದ ಪ್ಲಗ್, ಅಳತಿ ಸರಿ ಇರೋ ಗ್ಲ್ಯಾಂಡ್ ಹಾಕ್ತೀವಿ, ಕೇಬಲ್ಲಿಗೆ ಜೋಲು ಬಿಡ್ತೀವಿ. ಸ್ವಿಚ್ ಮಾತ್ರ ಚಿನ್ನದ ಲೇಪದ್ದು ತರಸ್ತೀವಿ, ಬಾಕ್ಸ್ ಅವ ಇರಲಿ. ಮಸಿಕ್ಯೂಟ್ (ಹರಳು ಕೂಡಿದ ಗಟ್ಟಿ ಪಾಕ) ಇಳಿಸೋ ವಾಲ್ವಿನ ಬಾಕ್ಸಿಗೆ ಮಾತ್ರ ಪ್ರಾಕ್ಸಿ, ಅಲ್ಲಿ ಅಂಟು ಜಾಸ್ತಿ, ಲೋಕಾಪುರ ಅಣ್ಣಾರ ಮಾತಿನ ಪ್ರಕಾರ. ಡಿಸ್ಟಿಲರಿ ಪೂರ್ತಿ ಬ್ಯಾರೆ ಫೈಲು. ಫೋರ್ಸ್ ಹಾಕಿದ್ದೆಲ್ಲಾ ತಗದೀವಿ; ತಗದಾಗ ಕಂಡದ್ದು, ಹಿಂದಿನ ಸೀಜನ್ ಹಾಕಿದ್ದೊಂದು ಇನ್ನೂ ಕುಂತಿತ್ತು. ಯಾರು ಹಾಕ್ಯಾರ ಅಂತ ಯಾರೂ ಬಾಯಿ ಬಿಡವಲ್ಲರು.

ಕೊನೇದೊಂದು ಕೇಳ್ತೀನಿ. ಕ್ಯಾಮ್ ಹೊಸದಾಗಿ ಸೆಟ್ ಮಾಡುವಾಗ ಬರೋಬ್ಬರಿ ತುದಿಗೆ ಇಡಬೇಕಾ, ಸ್ವಲ್ಪ ಮೊದಲಾ?

ಹಳೇಗಾಣ

ತೆರದ ಕಡೆ ತುದಿಗೆ ಮುಟ್ಟೋಕಿಂತ ಮೂರೋ ಐದೋ ಡಿಗ್ರಿ ಮೊದಲ ಸ್ವಿಚ್ ಒತ್ತಲಿ. ಬರೋಬ್ಬರಿ ತುದಿಗೆ ಇಟ್ರ, ಸ್ಟಾಪ್ ಬೋಲ್ಟ್ ಒಂದ್ ಸುತ್ತು ಸರದ್ರ, ಗಾಳಿ ಒಂಚೂರು ಕಡಿಮಿ ಆದ್ರ ಸಿಗ್ನಲ್ ಬರಂಗಿಲ್ಲ. ಮುಚ್ಚಿದ ಕಡೆ ಅಷ್ಟು ಧಾರಾಳ ಬ್ಯಾಡ. ಬಟರ್‌ಫ್ಲೈ ಐದು ಡಿಗ್ರಿ ತೆರದಿದ್ರೂ ಸೋರತೈತಿ, ವ್ಯಾಕ್ಯೂಮ್ ಲೈನ್ ಆಗಿದ್ರ ಪ್ಯಾನ್ ಹಿಡಿಯಂಗಿಲ್ಲ. ಅಲ್ಲಿ ತುದಿಗೆ ಆದಷ್ಟು ಹತ್ತಿರ ಇಡು. ಮೊದಲ ಆಕ್ಚುಯೇಟರ್ ಸ್ಟಾಪ್ ಬೋಲ್ಟ್ ಸರಿ ಮಾಡಿ ಲಾಕ್ ನಟ್ ಬಿಗಿ, ಆಮ್ಯಾಲ ಕ್ಯಾಮ್. ಕ್ಯಾಮ್ ಎತ್ತಿ, ತಿರುವಿ, ಬಿಟ್ರ ಹಲ್ಲಿಗೆ ಕೂಡ್ತೈತಿ. ಗಾಳಿ ಕೊಟ್ಟು ನಾಕೈದು ಸಲ ತೆರದು ಮುಚ್ಚಿ ಮೀಟರ್ ಹಿಡಕೊಂಡು ನೋಡು.

ಮತ್ತ ಕವರ್ ಹಾಕುವಾಗ ರಿಂಗ್ ಕಾಲುವಿಯೊಳಗ ಸರಿ ಕುಂತೈತೇನು ಬೆರಳಾಡಿಸಿ ನೋಡಿ ಬೋಲ್ಟ್ ಹಾಕು. ಎದುರು ಬದರು ಬಿಗಿ ಮಾಡು, ಒಂದ ಕಡಿಂದ ಬ್ಯಾಡ.

ಪ್ಯಾನ್‌ಮಹಡಿ

ಆತ್ರಿ ಕಾಕಾರ. ಉದ್ಯಮಬಾಗ್ ಅಣ್ಣಾರ, 30 ಎತ್ತರದ ಬ್ರಾಕೆಟ್ 80 ಗುಣಿಸು 30, ಸ್ಟೇನ್‌ಲೆಸ್ ಸ್ಟೀಲಿನ್ಯಾಗ ಎಷ್ಟು ದಿನಕ್ಕ ಸಿಗ್ತಾವು?

ಉದ್ಯಮಬಾಗ್‌ಬ್ರಾಕೆಟ್

ಮೊದಲ ನಿಮ್ಮ ಆಕ್ಚುಯೇಟರ್ ಶಾಫ್ಟ್ ಎತ್ತರ ಅಳೀರಿ, 30 ಅಂತ ಅಂದಾಜು ಹೇಳಬ್ಯಾಡ್ರಿ. ಶಾಫ್ಟ್ ತಲಿಯ ಸೀಳು ಎಷ್ಟು ಅಗಲ ಐತಿ ಅದೂ. ಅಳತಿ ಕಳಸಿದ ದಿನಾನೇ ಹೇಳ್ತೀನಿ.